ಮಿಷಿನ್ನು ಸೀನಿದ್ರೆ ಲೆಕ್ಕಕ್ಕುಂಟಾ

ಇವತ್ತು ಬೆಳಿಗ್ಗೆ ಸಾರಿನ ಪುಡಿಗೆ ಅಂತ ಒಣಮೆಣಸಿನಕಾಯಿ ಹುರೀತಾ ಕೂತಿದ್ದೆ. ಘಾಟು ನೆತ್ತಿಗೇರಿ ಮೂಗಿನ ತುದಿ ಜುಂ ಅಂತು. ಇನ್ನೇನು ಸೀನಬೇಕು, ಅಷ್ಟರಲ್ಲಿ ನಡುಮನೆಯಿಂದ ನನ್ನ ಮೊಮ್ಮಗಳು ಸಿಂಚನ ಕೂಗಿದಳು: "ಅಜ್ಜಿ, ಸೀನದಾದ್ರೆ ಈಚೆ ಬಂದ್ ಸೀನು. ಅಲ್ಲೇ ವೇಸ್ಟ್ ಮಾಡ್ಬುಡಬ್ಯಾಡ."

ಕೇಳಿದ್ರಾ. ಅರವತ್ತೆಂಟು ವರ್ಷದಿಂದ ಸೀನ್ತಾ ಬಂದಿದ್ದೀನಿ, ಒಬ್ಬರೂ ನನ್ನ ಸೀನಿಗೆ ಬೆಲೆ ಕೊಟ್ಟಿರಲಿಲ್ಲ. ನಮ್ಮತ್ತೆ ಇದ್ದಾಗ ಸೆರಗು ಬಾಯಿಗೆ ತುರುಕಿಕೊಂಡು ಸೀನಬೇಕಿತ್ತು. ಈಗ ನಾನು ಸೀನಿದರೆ ಹಿಡಿದಿಡೋಕೆ ಮನೇಲಿ ಒಂದು ಮಿಷಿನ್ನೇ ಇದೆ. ಆ ಖುಷಿಗೆ ನಗು ಬಂದು ಸೀನು ಒಳಕ್ಕೇ ಹೊರಟುಹೋಯಿತು. ಆ ಮಿಷಿನ್ನು ಮನೆಗೆ ಬಂದದ್ದು ಹೆಂಗೆ ಅಂತ ಹೇಳ್ತೀನಿ, ಕೂತ್ಕೊಳ್ಳಿ. ನಾನು ಓದಿರೋದು ಮೂರನೇ ಕ್ಲಾಸು. ಬರವಣಿಗೆ ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ.

ನಮ್ಮೂರು ಶ್ರೀರಂಗಪಟ್ಟಣದಿಂದ ಕಿರಂಗೂರು ದಾಟಿ, ನಾಲೆ ಏರಿ ಹಿಡಿದು ಒಳಕ್ಕೆ ಹೋದರೆ ಸಿಕ್ಕುತ್ತೆ. ಮಗ ಪುಟ್ಟರಾಜು ಹಿಟ್ಟಿನ ಮಿಲ್ಲು ನಡೆಸ್ತಾನೆ. ನಾನು ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕ್ತೀನಿ. ಸಿಂಚನ ಪುಟ್ಟರಾಜನ ಒಬ್ಬಳೇ ಮಗಳು, ಡಿಗ್ರಿ ಓದ್ತಾವಳೆ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಏನಾದರೊಂದು ರಾಗ. ಹಲ್ಲುಜ್ಜುವಾಗಲೂ ರಾಗ, ನೊರೆ ಸಮೇತ. ಹೋದ ವರ್ಷ ಕಾಲೇಜಿನ ಫಂಕ್ಷನ್ನಲ್ಲಿ ನಾನು ಹೇಳಿಕೊಟ್ಟಿದ್ದ, ಪೈರು ನೆಡುವಾಗ ಹೇಳೋ ನಾಟಿ ಪದ ಒಂದನ್ನ ಹಾಡ್ತೀನಿ ಅಂತ ಸ್ಟೇಜು ಹತ್ತಿದಳು. ಎರಡನೇ ಸಾಲಿನ ಕೊನೇಲಿ ಗಂಟಲು ಜಾರಿತಂತೆ. ಮತ್ತೆ ಆ ಸಾಲು ಬಂದಾಗ ಮತ್ತೆ ಅಲ್ಲೇ ಜಾರಿತಂತೆ. ಮುಂದೆ ಕೂತಿದ್ದವರು ನಕ್ಕರು, ಹಿಂದೆ ಕೂತಿದ್ದವರು ಅವರು ಯಾಕೆ ನಕ್ಕರು ಅಂತ ಕೇಳಿಕೊಂಡು ನಕ್ಕರು. ಇವಳು ಅರ್ಧಕ್ಕೇ ಇಳಿದು ಬಂದಳು. ಅವತ್ತಿನಿಂದ ನಮ್ಮನೇಲಿ ರಾಗ ನಿಂತುಹೋಯಿತು. ಹಲ್ಲುಜ್ಜುವ ಸದ್ದು ಬರೀ ಹಲ್ಲುಜ್ಜುವ ಸದ್ದಾಯಿತು. ನನಗೆ ಬೇಕಾಗಿದ್ದದ್ದು ಒಂದೇ. ಆ ಹುಡುಗಿ ಮತ್ತೆ ಬಾಯಿಬಿಟ್ಟು ಹಾಡಬೇಕು.

ಒಂದು ದಿನ ಹಸುವಿನ ಮೈ ತೊಳೀತಿದ್ದಾಗ ಪಕ್ಕಕ್ಕೆ ಬಂದು ನಿಂತಳು. "ಅಜ್ಜಿ, ನನ್ ಗಂಟ್ಲಲ್ಲಿ ಹಾಡಕ್ಕಾಗಲ್ಲ. ಬೇರೆದರ ಸದ್ದು ಹಿಡ್ದು ಅದ್ರಲ್ಲೇ ಹಾಡು ಕಟ್ತೀನಿ. ಅದ್ಕೆ ನಂಗೊಂದು ಸ್ಯಾಂಪ್ಲರ್ ಬೇಕು" ಅಂದಳು. ಮೊದಲಿನ ಮಾತೆಲ್ಲ ನನಗೆ ಅರ್ಥವಾಗಲಿಲ್ಲ. ಕೊನೇ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು.

ಡೇರಿಗೆ ಹಾಲು ಹಾಕೋರಿಗೆ ಸ್ಯಾಂಪಲ್ಲು ಅಂದರೇನು ಅಂತ ಯಾರಾದರೂ ಹೇಳಿಕೊಡಬೇಕಾ? ದಿನಾ ಎರಡು ಹೊತ್ತು ಡೇರಿ ಕಾರ್ಯದರ್ಶಿ ನನ್ನ ಕ್ಯಾನಿಂದ ಒಂದು ಚೂರು ಹಾಲು ಎತ್ತಿ, ಮಿಷಿನ್ನಿಗೆ ಹಿಡಿದು, ಫ್ಯಾಟ್ ಎಷ್ಟಿದೆ ಅಂತ ಹೇಳ್ತಾನೆ. ಹುಡುಗಿ ಪಾಪ ಮನೇಲೇ ಹಾಲು ಪರೀಕ್ಷೆ ಮಾಡಬೇಕು ಅಂತ ಆಸೆಪಟ್ಟಿದ್ದಾಳೆ, ಓದಿದ ಹುಡುಗಿ, ಇರಲಿ ಅಂದುಕೊಂಡೆ. ಸಾಯಂಕಾಲ ಹಾಲು ಹಾಕುವಾಗ, ಜನ ಎಲ್ಲ ನಿಂತಿದ್ದಾಗಲೇ, ಕಾರ್ಯದರ್ಶಿನ ಕೇಳಿದೆ. ನಿಮ್ಮ ಸ್ಯಾಂಪ್ಲರನ್ನ ಎಲ್ಲಿಂದ ತಂದ್ರಪ್ಪ, ನಮ್ಮನೇಗೂ ಒಂದು ಬೇಕಾಗಿತ್ತು, ನಾವೂ ಒಂದು ಕಡೆಯಿಂದ ನೋಡಿಕೊಳ್ಳೋಣ ಅಂತ.

ಅವನ ಮುಖದ ರಕ್ತವೇ ಇಳಿದುಹೋಯಿತು. ಪಾಪದವನು, ಯಾವತ್ತೂ ಒಂದು ಹನಿ ಆಚೆ ಈಚೆ ಮಾಡಿದವನಲ್ಲ. ಆದರೂ ಮಾರನೇ ದಿನದಿಂದ ನನ್ನ ಕ್ಯಾನನ್ನ ಎರಡು ಕೈಯಲ್ಲಿ ಇಸ್ಕೊಳ್ಳೋಕೆ ಶುರು ಮಾಡಿದ. ಮೂರನೇ ದಿನ ಡೇರಿಯ ಇಬ್ಬರು ಡೈರೆಕ್ಟರು ಬಾಳೆಹಣ್ಣು ಹಿಡಿದುಕೊಂಡು ನಮ್ಮ ಜಗುಲಿಗೆ ಬಂದು ಕೂತರು. ಪುಟ್ಟರಾಜು ಮಿಲ್ಲಿಂದ ಹಿಟ್ಟು ಮೆತ್ತಿದ ಮುಖದಲ್ಲೇ ಓಡಿ ಬಂದ.

"ಏನವ್ವ ಇದು, ಡೇರಿ ಮೇಲೆ ಕೇಸ್ ಹಾಕ್ತೀಯಂತೆ?"

"ನಾನ್ಯಾಕ್ಲಾ ಹಾಕ್ಲಿ. ನಿನ್ ಮಗಳು ಕೇಳುದ್ಲು, ನಾನು ವಿಚಾರಿಸ್ದೆ."

ಆಮೇಲೆ ಸಿಂಚನಳನ್ನ ಕೂಗಿ, ಎಲ್ಲರ ಮುಂದೆ ಕೂರಿಸಿ, ಸ್ಯಾಂಪ್ಲರ್ ಅಂದರೇನು ಅಂತ ಹೇಳಿಸಿದ್ದಾಯಿತು. ಅದು ಸದ್ದಿನ ಸ್ಯಾಂಪಲ್ಲು ಎತ್ತೋ ಮಿಷಿನ್ನಂತೆ. ಬಾಗಿಲು ಕಿರ್ ಅನ್ನೋದನ್ನ ಒಂದು ಚೂರು ಎತ್ತಿಕೊಂಡು ಗುಂಡಿಗೆ ಹಾಕಿದರೆ, ಗುಂಡಿ ಒತ್ತಿದಾಗೆಲ್ಲ ಕಿರ್ ಅನ್ನುತ್ತಂತೆ. ಸಣ್ಣಗೆ ಬೇಕಾದರೆ ಸಣ್ಣಗೆ, ದಪ್ಪಗೆ ಬೇಕಾದರೆ ದಪ್ಪಗೆ. ಹಂಗೆ ಹದಿನಾರು ಸದ್ದು ಸೇರಿಸಿ ಹಾಡು ಕಟ್ಟೋದಂತೆ. ಹಂಗಾದ್ರೆ ಸದ್ದಿಗೂ ಫ್ಯಾಟ್ ನೋಡ್ತದಾ ಅಂತ ನಾನು ಕೇಳಿದೆ. ಅವಳು ಒಸಿ ಹೊತ್ತು ಯೋಚನೆ ಮಾಡಿ, ಊಂ ಕಣಜ್ಜಿ, ಒಂಥರಾ ಅಂಗೇ ಅಂದಳು. ಡೈರೆಕ್ಟರುಗಳು ನೆಮ್ಮದಿಯಾಗಿ, ತಂದಿದ್ದ ಬಾಳೆಹಣ್ಣಲ್ಲಿ ಎರಡು ತಾವೇ ತಿಂದು ಎದ್ದುಹೋದರು.

ಫೋನಲ್ಲೇ ಆಯ್ತದಲ್ಲ, ಅದಕ್ಕೆ ಬೇರೆ ಮಿಷಿನ್ ಯಾಕೆ ಅಂತ ಪುಟ್ಟರಾಜು ಕೇಳಿದ. ಫೋನಲ್ಲಿ ಬೆರಳು ಜಾರುತ್ತೆ, ಒತ್ತಿದ ಹಂಗೇ ಇರಲ್ಲ, ಗುಂಡಿ ಇರಬೇಕು ಅಂದಳು ಹುಡುಗಿ. ಇದು ನನಗೆ ತಕ್ಷಣ ತಿಳೀತು. ಮುದ್ದೆ ಕಟ್ಟುವಾಗ ಕೈಗೆ ಹಿಟ್ಟು ಎದುರು ಒತ್ತಬೇಕು, ಆಗಲೇ ಹದ ಗೊತ್ತಾಗೋದು. ಫೋನಲ್ಲಿ ನಮ್ಮ ಕೈಗೆಟುಕೋ ಬೆಲೆಯ ಎರಡು ಮಿಷಿನ್ನಿನ ಪಟ ತೋರಿಸಿದಳು. ಒಂದು ಅಂಗಡಿಯವರು ಲೆಕ್ಕ ಹಾಕೋ ಕ್ಯಾಲ್ಕುಲೇಟರ್ ಥರದ್ದು. ಇನ್ನೊಂದು ಹದಿನಾರು ಕುಳಿಯ ಪಡ್ಡಿನ ಕಾವಲಿ ಥರದ್ದು. ಫೋನಲ್ಲೇ ತರಿಸೋಣ ಅಂದರು ಅಪ್ಪ ಮಗಳು. ನಾನು ಒಪ್ಪಲಿಲ್ಲ. ತಟ್ಟಿ ನೋಡದೆ ನಾನು ಒಂದು ತೆಂಗಿನಕಾಯಿನೂ ಮನೆಗೆ ತಂದವಳಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಲ್ಲ, ಇಡೀ ಜಿಲ್ಲೆ ತಿರುಗಿದರೂ ಕೇಳೋರಿಲ್ಲ, ನಡಿಯಮ್ಮಿ ಅಂತ ಹೊರಟೇಬಿಟ್ಟೆ.

ಶ್ರೀರಂಗಪಟ್ಟಣದಲ್ಲಿ ಮೊದಲನೇ ಅಂಗಡಿಯವನಿಗೆ ಸ್ಯಾಂಪ್ಲರ್ ಬೇಕು ಅಂತ ನಾನೇ ಗತ್ತಿನಲ್ಲಿ ಕೇಳಿದೆ. ಅವನು ನನ್ನ ವಯಸ್ಸು ನೋಡಿ ಪಕ್ಕದ ಮೆಡಿಕಲ್ಲಿಗೆ ಕಳಿಸಿದ. ಅಲ್ಲಿ ಒಬ್ಬಳು ಹುಡುಗಿ ಕೂರಿಸಿ, ಬೆರಳು ಚುಚ್ಚಿ, ರಕ್ತ ತೆಗೆದು, ಶುಗರ್ ಚೆನ್ನಾಗೈತೆ ಅಜ್ಜಿ ಅಂದಳು. ಮಿಷಿನ್ನು ಸಿಗಲಿಲ್ಲ, ಶುಗರ್ ಇಲ್ಲ ಅಂತ ಗೊತ್ತಾಯಿತು. ಆ ಸಂತೋಷಕ್ಕೆ ಪಾಂಡವಪುರದಲ್ಲಿ ಬಸ್ಸಿಳಿದವಳೇ ಜಿಲೇಬಿ ತಿಂದೆ. ಅಲ್ಲಿ ಮೈಕ್ ಸೆಟ್ಟಿನ ಅಂಗಡಿಯವನು ಅಂಥದ್ದು ನಮ್ಮಲ್ಲಿ ಬರಲ್ಲ ಅಂತ ಕೆ.ಆರ್. ಪೇಟೆಗೆ ಕಳಿಸಿದ. ಕೆ.ಆರ್. ಪೇಟೇಲಿ ಮದುವೆಗೆ ಬ್ಯಾಂಡ್ ಬಾರಿಸೋರೊಬ್ಬರ ಹತ್ತಿರ ಕಾವಲಿ ಥರದ್ದೇ ಒಂದಿತ್ತು. ಬಡಿದರೆ ತಮಟೆ, ತಬಲ, ಡೋಲು ಎಲ್ಲ ಬರುತ್ತೆ. ಇದೇ ತಗೊಳ್ಳೋಣ ಅಂತ ನಾನು ಕುಣಿದೆ. ಸಿಂಚನ ನನ್ನ ಸೆರಗು ಎಳೆದಳು. "ಬ್ಯಾಡಜ್ಜಿ. ಇದ್ರೊಳಗೆ ಅವ್ರು ತುಂಬಿರ ಸದ್ದೇ ಬರದು. ನಮ್ ಸದ್ದು ಇದು ತುಂಬ್ಕಳಲ್ಲ" ಅಂದಳು. ಸರಿ ಅನ್ನಿಸಿತು. ಗಡಿಗೆ ಕೊಳ್ಳೋಕೆ ಹೋದವರು ಯಾರೋ ಸಾರು ತುಂಬಿಟ್ಟಿರೋ ಗಡಿಗೆ ಯಾಕೆ ತರಬೇಕು? ಬ್ಯಾಂಡಿನವರೇ ಹೇಳಿದರು: ನಾಗಮಂಗಲದಲ್ಲಿ ಶಿವಣ್ಣ ಅಂತ ಒಬ್ಬರು, ಆರ್ಕೆಸ್ಟ್ರಾ ಬಿಟ್ಟು ಮನೇಲವ್ರೆ, ಅವರ ಹತ್ತಿರ ಎರಡು ಸ್ಯಾಂಪ್ಲರ್ ಅವೆ, ಮಾರ್ತಾವ್ರೆ. ನಾಳೆ ಬೆಳಿಗ್ಗೆ ನಾನೇ ಹೋಗಿ ತರಣ ಅಂತಿದ್ದೆ, ನೋಡಿ, ಇವತ್ತೇ ಹೋದ್ರೆ ನಿಮಗೆ ಅಂದರು.

ನಾಗಮಂಗಲಕ್ಕೆ ಹೋಗುವಾಗ ಬಸ್ಸಲ್ಲಿ ನಾನು ನಾಲ್ಕು ಹೆಂಗಸರಿಗೆ ಸ್ಯಾಂಪ್ಲರ್ ಅಂದರೇನು ಅಂತ ವಿವರಿಸಿದೆ. ಅದರಲ್ಲಿ ಒಬ್ಬಾಕೆ ಅದು ಬೀಸೋಕೂ ಬರುತ್ತಾ ಅಂತ ಕೇಳಿದಳು.

ಶಿವಣ್ಣನವರ ಮನೆ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿ. ತೆಳ್ಳಗೆ, ಬಣ್ಣ ಹಚ್ಚಿದ ಮೀಸೆಯ ಮನುಷ್ಯ. ಎರಡು ಮಿಷಿನ್ನನ್ನೂ ಚಾಪೆ ಮೇಲೆ ಇಟ್ಟು, ಬಟ್ಟೆ ಸರಿಸಿ ತೋರಿಸಿದರು. ನಾನು ಎರಡನ್ನೂ ಬೆರಳ ಗೆಣ್ಣಲ್ಲಿ ತಟ್ಟಿ ಕಿವಿಗೊಟ್ಟೆ. ಅವರು ಸಂಕಟಪಟ್ಟುಕೊಂಡರು. ಕ್ಯಾಲ್ಕುಲೇಟರ್ ಥರದ್ದು ಸೆಲ್ಲಲ್ಲೇ ನಡೆಯುತ್ತೆ, ಜೇಬಲ್ಲಿ ಹಿಡಿಸುತ್ತೆ, ಬೆಲೆಯೂ ಕಮ್ಮಿ. ಆದರೆ ಅದರ ಗುಂಡಿಗಳು ಹುರುಳಿಕಾಳಿನಷ್ಟು. ನಾನು ಒಂದು ಒತ್ತಿದರೆ ಮೂರು ಬಡ್ಕೊಂಡವು. ಕಾವಲಿ ಥರದ್ದು ಹಳೇದು, ಒಂದು ಮೂಲೆ ಒಡೆದು ಟೇಪು ಸುತ್ತಿತ್ತು, ಆದರೆ ಕುಳಿಗಳು ಅಗಲ, ರಬ್ಬರಿನವು, ಒತ್ತಿದರೆ ಎದುರು ಒತ್ತುತ್ತಿದ್ದವು. ನಾನು ಕೇಳಬೇಕಾದ್ದು ಒಂದಿತ್ತು. "ಕರೆಂಟ್ ಹೋದ್ರೆ ಇದು ಮರ್ತೋಯ್ತದಾ?"

ಶಿವಣ್ಣ ಮಿಷಿನ್ನನ್ನ ತಮ್ಮ ಕಡೆ ತಿರುಗಿಸಿಕೊಂಡರು. ಇಷ್ಟು ವರ್ಷದಲ್ಲಿ ಯಾರೂ ಅದನ್ನ ಮೊದಲು ಕೇಳಿರಲಿಲ್ಲವಂತೆ. "ಸುಮ್ನೆ ಬುಟ್ರೆ ಮರ್ತೋಯ್ತದೆ ಅಕ್ಕ. ಇಲ್ಲೊಂದು ಕಾರ್ಡ್ ಅದೆ, ನೆನಪಿಟ್ಕೊ ಅಂತ ಈ ಗುಂಡಿ ಒತ್ತುದ್ರೆ ಮರೆಯಲ್ಲ" ಅಂದರು. ನಮ್ಮ ಯಜಮಾನರೂ ಹಂಗೇ ಇದ್ದರು, ಒತ್ತಿ ಹೇಳಿದರೆ ಮರೀತಿರಲಿಲ್ಲ. ಇದೇ ಸರಿ, ಇದೇ ಕೊಡಿ ಅಂದೆ.

ಕೊಡೋ ಮೊದಲು ಮೈಕು ಸರಿಯಾಗಿದೆ ಅಂತ ತೋರಿಸಬೇಕಲ್ಲ. ಶಿವಣ್ಣ ಸದ್ದು ತುಂಬಿಕೊಳ್ಳೋ ಗುಂಡಿ ಒತ್ತಿ, ಮೈಕನ್ನ ಸಿಂಚನಳ ಬಾಯಿಗೆ ಹಿಡಿದು, ಏನಾರ ಒಂದ್ ಸಾಲು ಹಾಡವ್ವ ಅಂದರು. ಒಳ್ಳೇ ಮನಸ್ಸಿಂದಲೇ ಅಂದದ್ದು. ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಮುಖ ಸ್ಟೇಜಿಂದ ಇಳಿದು ಬಂದ ದಿನದ ಮುಖ ಆಯಿತು. "ಬ್ಯಾಡ ಬುಡಜ್ಜಿ. ಹೋಗಣ" ಅಂದು ಚಪ್ಪಲಿ ಹುಡುಕೋಕೆ ಶುರು ಮಾಡಿದಳು. ಎಲ್ಲ ಕೈತಪ್ಪಿ ಹೋಯಿತು ಅನ್ನಿಸಿತು. ನಾನೇ ಏನಾದರೂ ಮಾತಾಡಿ ಸಂಭಾಳಿಸೋಣ ಅಂತ ಮೈಕು ಕಿತ್ತುಕೊಂಡೆ. ಅಡಿಗೆಮನೇಲಿ ಶಿವಣ್ಣನವರ ಹೆಂಡತಿ ಮೆಣಸಿನಕಾಯಿ ಹುರೀತಾ ಇದ್ದರು. ಬಾಯಿ ತೆರೆದೆ, ಬಂದದ್ದು ಮಾತಲ್ಲ, ಸೀನು. ಅದೂ ನಮ್ಮ ತವರಿನ ಕಡೆ ಸೀನು, ಬೆಳಗೊಳದಲ್ಲಿ ನಮ್ಮಪ್ಪ ಸೀನಿದರೆ ಎತ್ತು ಹಗ್ಗ ಜಗ್ಗುತ್ತಿದ್ದವು.

ಒಂದೇ ಒಂದು ಸೀನು. ಮೂರು ಜನವೂ ಎರಡನೆಯದಕ್ಕೆ ಕಾದೆವು. ಬರಲಿಲ್ಲ.

ಶಿವಣ್ಣ ನಿಧಾನಕ್ಕೆ ಬಟ್ಟೆ ತೆಗೆದು ಮಿಷಿನ್ನಿನ ಮೇಲೆ ಮುಚ್ಚಿದರು. "ಒಂಟಿ ಸೀನಾಯ್ತಲ್ಲಕ್ಕ. ಇವತ್ತು ಬ್ಯಾಡ."

ನಾನು ಏನು ಹೇಳಲಿ? ಒಂಟಿ ಸೀನಿಗೆ ಹೆದರೋದನ್ನ ನಮ್ಮನೇಲಿ ಎಲ್ಲರಿಗೂ ಕಲಿಸಿದವಳೇ ನಾನು. ಪುಟ್ಟರಾಜನಿಗೆ ಹೆಣ್ಣು ನೋಡೋಕೆ ಹೊರಟಾಗ ಹೊಸಿಲಲ್ಲಿ ನಾನೇ ಸೀನಿ, ನಾನೇ ಎಲ್ಲರನ್ನೂ ವಾಪಸ್ಸು ಕರೆದು, ಕೂರಿಸಿ, ನೀರು ಕುಡಿಸಿ ಹೊರಡಿಸಿದ್ದೆ. ನಾವು ಹೋಗೋ ಹೊತ್ತಿಗೆ ಹೆಣ್ಣಿನ ಮನೆಯವರು ಊಟ ಮಾಡಿ ಮಲಗಿದ್ದರು. ಒಸಿ ನೀರು ಕುಡಿದು ಕೂತು ಏಳೋಣ ಅಂತ ಶಿವಣ್ಣನವರಿಗೂ ಹೇಳಿ ನೋಡಿದೆ. ನೀರು ನಡೆಯೋದು ಪ್ರಯಾಣಕ್ಕೆ, ವ್ಯಾಪಾರಕ್ಕೆ ನಡೆಯಲ್ಲ ಅಂದರು. ಇನ್ನೊಂದು ಸೀನೋಣ ಅಂತ ಅವರ ನಶ್ಯದ ಡಬ್ಬಿ ಇಸ್ಕೊಂಡು ಎರಡು ಚಿಟಿಕೆ ಏರಿಸಿದೆ, ಸೂರ್ಯನನ್ನ ನೋಡಿದೆ, ಸೆರಗಿನ ತುದಿ ಹೊಸೆದು ಮೂಗಿಗೆ ಹಾಕಿದೆ. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಮುಂದಿನ ಶುಕ್ರವಾರ ಬನ್ನಿ ಅಂದರು. ಶುಕ್ರವಾರದ ಹೊತ್ತಿಗೆ ಅದು ಕೆ.ಆರ್. ಪೇಟೆ ಬ್ಯಾಂಡಿನವರ ಮನೇಲಿರುತ್ತೆ ಅಂತ ನನಗೂ ಗೊತ್ತು, ಹುಡುಗಿಗೂ ಗೊತ್ತು.

ಆಗ ಚಪ್ಪಲಿ ಹಾಕಿಕೊಳ್ತಿದ್ದವಳು ವಾಪಸ್ಸು ಬಂದು, ಬಟ್ಟೆ ಒಂದು ಮೂಲೆ ಎತ್ತಿ, ಒಂದು ಕುಳಿ ಒತ್ತಿದಳು. ನನ್ನ ಸೀನು ನನ್ನ ಎದುರಿಗೇ ಹೊರಗೆ ಬಂತು. ನಾನು ಹೆದರಿ ಮೂಗು ಹಿಡಿದುಕೊಂಡೆ.

"ಎರಡಾಯ್ತು" ಅಂದಳು ಸಿಂಚನ.

"ಮಿಷಿನ್ ಸೀನುದ್ರೆ ಲೆಕ್ಕಕ್ಕುಂಟಾ?" ಅಂದರು ಶಿವಣ್ಣ.

ವಾದ ಶುರುವಾಯಿತು. ಮೂಗಿಲ್ಲದ್ದು ಸೀನಿದರೆ ಅದು ಸೀನಲ್ಲ ಅಂತ ಅವರು. ಸೀನು ನಂದೇ, ಮೂಗು ಬೇರೆ ಅಷ್ಟೆ ಅಂತ ನಾನು. ಇರಬಹುದು, ಆದರೆ ಅದೇ ಸೀನನ್ನ ಎರಡು ಸಲ ಎಣಿಸೋದು ನ್ಯಾಯವಲ್ಲ, ಹೊಸ ಸೀನು ಬೇಕು ಅಂತ ಅವರು. ಸಿಂಚನ ಒಂದು ತಿರುಪು ತಿರುಗಿಸಿ, ಅದೇ ಕುಳಿ ಮತ್ತೆ ಒತ್ತಿದಳು. ಈ ಸಲ ಸೀನು ಸಣ್ಣಗೆ, ಎಳೇದಾಗಿ, ಕೂಸು ಸೀನಿದ ಹಂಗೆ ಬಂತು.

ಅಡಿಗೆಮನೆಯಿಂದ ಶಿವಣ್ಣನವರ ಹೆಂಡತಿಯ ದನಿ ಕೇಳಿಸಿತು. "ನೂರ್ ವರ್ಸ ಬದುಕು ನನ್ ಕಂದ. ಯಾರ್ದ್ರೀ ಅದು ಕೂಸು? ಈ ಘಾಟಲ್ಲಿ ಯಾಕ್ ಕೂರಸ್ಕಂಡಿದ್ದೀರಿ, ಆಚೆ ಎತ್ಕಂಡೋಗಿ."

ಶಿವಣ್ಣ ಹೆಂಡತಿಯ ದನಿ ಬಂದ ಕಡೆ ನೋಡಿದರು, ಮಿಷಿನ್ನು ನೋಡಿದರು. ಆಯಮ್ಮ ಸೆರಗು ಮೂಗಿಗೆ ಹಿಡಿದು ಈಚೆ ಬಂದು ಕೂಸೆಲ್ಲಿ ಅಂತ ಹುಡುಕಿದರು. ನಾನು ಚಾಪೆ ತೋರಿಸಿದೆ. ಹರಸಿ ಆದಮೇಲೆ ಲೆಕ್ಕಕ್ಕಿಲ್ಲ ಅನ್ನೋಕಾಗುತ್ತಾ? ಶಿವಣ್ಣ ತಾವೇ ಬಟ್ಟೆ ತೆಗೆದು, ಅದೇ ಬಟ್ಟೇಲಿ ಮಿಷಿನ್ನನ್ನ ಸುತ್ತಿ ಸಿಂಚನಳ ಕೈಗೆ ಕೊಟ್ಟರು. ಆಯಮ್ಮ ಮೊದಲ ಸಲ ಮನೆಗೆ ಬಂದ ಕೂಸನ್ನ ಬರಿಗೈಲಿ ಕಳಿಸಬಾರದು ಅಂತ ಒಂದು ತೆಂಗಿನಕಾಯಿ, ಒಂದು ಪೊಟ್ಟಣ ಸಕ್ಕರೆ ಅದರ ಜೊತೆಗೇ ಕಟ್ಟಿದರು. ಗಲ್ಲಿ ದಾಟೋವರೆಗೂ ಹುಡುಗಿ ನಗು ಬಿಗಿಹಿಡಿದಿದ್ದಳು. ಬಸ್‌ಸ್ಟ್ಯಾಂಡಲ್ಲಿ ಕಲ್ಲುಬೆಂಚಿನ ಮೇಲೆ ಕೂತವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ಷದ ಮೇಲೆ ಅವಳ ಬಾಯಿಂದ ದೊಡ್ಡದಾಗಿ ಬಂದ ಮೊದಲನೇ ಸದ್ದು ಅದು. ನಾನು ಗುಂಡಿ ಒತ್ತಿ ಅದನ್ನ ಹಿಡಿದಿಡೋಣ ಅಂತ ಹೊರಟೆ. ಬಸ್‌ಸ್ಟ್ಯಾಂಡಲ್ಲಿ ಕರೆಂಟಿಲ್ಲ ಅಜ್ಜಿ ಅಂತ ಇನ್ನೂ ನಕ್ಕಳು.

ಮನೆಗೆ ಬಂದ ಮೇಲೆ ಊರೇ ನಮ್ಮ ಕಡೆ ತಿರುಗಿತು. ಡೇರಿಗೆ ಹಾಲು ತರೋ ಹಂಗೆ ಜನ ನಮ್ಮನೆಗೆ ಸದ್ದು ತರೋಕೆ ಶುರು ಮಾಡಿದರು. ಒಬ್ಬರು ಕೀಲು ಸವೆದ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಬಂದರು. ಡೇರಿ ಕಾರ್ಯದರ್ಶಿ ಹಳೇದೆಲ್ಲ ಮರೆತು ಕ್ಯಾನಿನ ಮುಚ್ಚಳ ತಂದು ತಾನೇ ಬಡಿದ. ಪುಟ್ಟರಾಜು ಮಾತ್ರ ಮೂರು ದಿನ ಗತ್ತು ಮಾಡಿ, ನಾಲ್ಕನೇ ದಿನ, ನನ್ ಮಿಲ್ಲು ಹೊರಡುವಾಗ ಒಂಥರಾ ಕೆಮ್ತದೆ, ಬೇಕಾದ್ರೆ ಬಂದು ತಗೊ ಅಂದ. ಸಿಂಚನ ಎಲ್ಲದಕ್ಕೂ ಕಿವಿಗೊಟ್ಟು, ಕೆಲವನ್ನ ಇಟ್ಟುಕೊಂಡು, ಕೆಲವನ್ನ ಇದಕ್ಕೆ ಫ್ಯಾಟಿಲ್ಲ ಅಂತ ವಾಪಸ್ಸು ಕಳಿಸಿದಳು. ಕುಳಿಗಳೆಲ್ಲ ತುಂಬಿದವು. ಎಲ್ಲರದ್ದೂ ಇತ್ತು, ಅವಳದ್ದು ಮಾತ್ರ ಇರಲಿಲ್ಲ. ನಾನು ಕೇಳಲಿಲ್ಲ. ಬಾಯಿ ತುದೀಲಿ ಬಂದದ್ದನ್ನ ಎಷ್ಟು ಸಲ ನುಂಗಿದೆ ಅಂತೀರಿ.

ಮೊನ್ನೆ ಒಂದು ಕುಳಿ ಖಾಲಿ ಮಾಡಿ ನನ್ನ ಕೈಲಿ ಆ ನಾಟಿ ಪದ ಹಾಡಿಸಿದಳು. ಆಮೇಲೆ ಅದನ್ನ ಒತ್ತಿ ಒತ್ತಿ ಕೇಳಿದಳು, ಎರಡನೇ ಸಾಲನ್ನ ತುಂಡು ಮಾಡಿ ಕೇಳಿದಳು. ನನ್ನ ಹತ್ತಿರ ಬಂದು ಮುಖ ನೋಡಿಕೊಂಡು ನಿಂತಳು.

"ಅಜ್ಜಿ, ನೀನೂ ಅಲ್ಲೇ ಜಾರ್ತೀಯ."

"ಎಲ್ಲಮ್ಮಿ?"

"ಎರಡನೇ ಸಾಲ್ನ ಕೊನೇಲಿ. ನಾನು ಜಾರಿದ್ ಜಾಗದಲ್ಲೇ."

ಜಾರೋದು ಅಂದರೇನು ಅಂತ ನನಗೆ ಹೊಳೆಯಲಿಲ್ಲ. ಎದ್ದು ನಿಂತು, ಬಗ್ಗಿ, ಪೈರು ಊರೋ ಹಂಗೆ ಕೈ ಮಾಡಿಕೊಂಡು ಪದ ಹೇಳಿದೆ. ಆ ಜಾಗ ಬಂದಾಗ ನನ್ನ ಕಾಲು ತಾನೇ ಎದ್ದಿತು. ಆಗ ತಿಳೀತು. "ಅಲ್ಲಿ ಕಾಲು ಕೀಳಬೇಕಲ್ಲಮ್ಮಿ" ಅಂದೆ. ನಾಟಿ ಹಾಕೋರು ಹಿಂದಕ್ಕೆ ಹಿಂದಕ್ಕೆ ಹೋಗ್ತೀವಿ. ಒಂದು ಸಾಲು ಊರಿ ಮುಗೀತಿದ್ದ ಹಂಗೆ ಕೆಸರಿಂದ ಕಾಲು ಕಿತ್ತು ಹಿಂದಿಡಬೇಕು. ಆಗ ದನಿ ಒಂದು ಚೂರು ಕೆಳಕ್ಕೆ ಬಿದ್ದು ಎದ್ದೇಳುತ್ತೆ. ನಮ್ಮವ್ವನದ್ದೂ ಬೀಳ್ತಿತ್ತು, ಪಕ್ಕದವಳದ್ದೂ ಬೀಳ್ತಿತ್ತು, ಇಡೀ ಗದ್ದೇಲಿ ಎಲ್ಲರದ್ದೂ ಒಟ್ಟಿಗೇ ಬೀಳ್ತಿತ್ತು. ನಾನು ಹುಡುಗಿಗೆ ಪದದ ಜೊತೆಗೆ ಕೆಸರನ್ನೂ ಕಲಿಸಿಬಿಟ್ಟಿದ್ದೆ. ಅದನ್ನ ಅವಳು ಸ್ಟೇಜಿನ ಮೇಲೆ, ಇಸ್ತ್ರಿ ಮಾಡಿದ ಲಂಗ ಉಟ್ಟುಕೊಂಡು ಹಾಡಿದ್ದಳು. ಅವಳು ಹೋಗಿ ಮಿಷಿನ್ನಿನ ಮುಂದೆ ಕೂತಳು. ಎರಡು ದಿನ ಹಂಗೇ ಕೂತಿದ್ದಳು.

ಇವತ್ತು ಬೆಳಿಗ್ಗೆ ಮೆಣಸಿನಕಾಯಿ ಹುರಿದು ಮುಗಿಸಿ ಕೈ ತೊಳೆದುಕೊಂಡು ಇಷ್ಟೆಲ್ಲ ಬರೆದೆ. ಅಷ್ಟರಲ್ಲಿ ಸಿಂಚನ ಮೈಕನ್ನ ತನ್ನ ಕಡೆ ತಿರುಗಿಸಿ ಇಟ್ಟುಕೊಂಡು, "ಅಜ್ಜಿ, ನೀನು ಒಸಿ ಆಚೆ ಹೋಗ್ತೀಯ" ಅಂದಳು. ಪುಸ್ತಕ ಬಿಟ್ಟು ಓಡಿದೆ. ಬಾಗಿಲು ಮುಚ್ಚಿದೆ. ಕೋಳಿಗಳನ್ನ ಹಿತ್ತಲಿಗೆ ಅಟ್ಟಿದೆ. ಕ್ಯಾನು ಕಟ್ಟಿಕೊಂಡು ಸೈಕಲ್ಲಲ್ಲಿ ಬರ್ತಿದ್ದವರನ್ನ ಇಳಿಸಿ ಕ್ಯಾನು ಅಲ್ಲಾಡದ ಹಂಗೆ ಹಿಡಿದು ನಿಲ್ಲಿಸಿದೆ. ಕಬ್ಬಿ‌ನ ಟ್ರಾಕ್ಟರೊಂದು ಬಂತು. ಬೀದಿ ಮಧ್ಯೆ ನಿಂತು ಎರಡು ಕೈಯೂ ಅಡ್ಡ ಹಿಡಿದೆ. ಡ್ರೈವರು, ಯಾಕಜ್ಜಿ, ಯಾರಾದ್ರೂ ಹೋಗ್ಬುಟ್ರಾ ಅಂತ ಇಳಿದನಿಯಲ್ಲಿ ಕೇಳಿದ. ಇಲ್ಲ ಕಣಪ್ಪ, ಮೊಮ್ಮಗಳು ಹಾಡ್ತಾವ್ಳೆ, ಆಫ್ ಮಾಡು ಅಂದೆ. ಎಷ್ಟೊತ್ತು ಅಂದ. ಮುಗಿಯೋಗಂಟ ಅಂದೆ. ಅವನು ಏನಂದುಕೊಂಡನೋ, ಕೀಲಿ ತಿರುಗಿಸಿದ. ಬೀದಿಯೆಲ್ಲ ನಿಶ್ಶಬ್ದವಾಯಿತು.

ಬಾಗಿಲ ಹಿಂದಿಂದ ಮೊದಲನೇ ಸಾಲು ಬಂತು. ಬಳಸದ ಗಂಟಲು, ಒಸಿ ಗೊರಗೊರ ಅಂತಿತ್ತು. ಎರಡನೇ ಸಾಲು ಹಿಡಿದಳು. ಅದರ ಕೊನೆ ಬಂತು, ದನಿ ಕೆಳಕ್ಕೆ ಬಿತ್ತು. ಟ್ರಾಕ್ಟರಿನವನು ನನ್ನ ಮುಖ ನೋಡಿದ. ಕೈ ಅಡ್ಡ ಹಿಡಿದುಕೊಂಡೇ, ಡಾಂಬರು ಬೀದಿಯಲ್ಲಿ, ನಾನು ಕಾಲು ಕಿತ್ತು ಒಂದು ಹೆಜ್ಜೆ ಹಿಂದಕ್ಕಿಟ್ಟೆ.